ಗೀಟಿನಾಚೆ

ರೆಸಿಡೆನ್ಸಿ ರಸ್ತೆಯಿಂದ ನೋಡಿದರೆ ಒಂದೇ ಗಾಜು.
ಒಳಗೆ ಎರಡು ಲೆಕ್ಕ,
ಎರಡು ಪುಸ್ತಕ, ಎರಡನೇ ಬೇಸ್‌ಮೆಂಟಿನ ನನ್ನ ಮೇಜಿನ ಮೇಲೆ.
ನೀಲಿ ರಟ್ಟಿನದು ಅಂಗಡಿಗಳದ್ದು, ನೆಲದಿಂದ ಐದರವರೆಗೆ.
ಕೆಂಪು ರಟ್ಟಿನದು ಹೋಟೆಲಿನದು, ಏಳರಿಂದ ಮೂವತ್ತೊಂದು.
ಆರನೆಯದರಲ್ಲಿ ಬರೀ ಮೋಟಾರು, ಪೈಪು, ಗುಂಯ್ ಅನ್ನುವ ಕತ್ತಲು.
ಅಲ್ಲಿ ಯಾರದೂ ಏನೂ ಕಳೆಯುವುದಿಲ್ಲ.

ನೀಲಿಯಲ್ಲಿ: ಮಗುವಿನ ಎಡಗಾಲಿನ ಬೂಟು, ಕೊಡೆ, ಕೊಡೆ, ಕೊಡೆ,
ಅರ್ಧ ಕಿಲೋ ಹುರಿಗಡಲೆ. ಯಾರು ತಂದರೋ ಈ ಮಹಲಿಗೆ!
ಕೆಂಪಲ್ಲಿ: ಚಾರ್ಜರು, ಹಲ್ಲಿನ ಸೆಟ್ಟು,
ದಿಂಬಿನಡಿಯ ಜಪಮಾಲೆ, ಮತ್ತೆ ಚಾರ್ಜರು.
ಮೂರು ತಿಂಗಳು ಕಾಯುತ್ತೇವೆ. ಆಮೇಲೆ ಡಿಕ್ರೂಜ್ ಸಾಹೇಬರ ಸಹಿ,
ಆಮೇಲೆ ಗೋಣಿಚೀಲ.

ಮಂಗಳವಾರ ರಾತ್ರಿ ಲಿಫ್ಟು ಒರೆಸಿ ಬಂದ ಸಾವಂತ್ರಮ್ಮ
ಅಂಗೈ ಬಿಚ್ಚಿದಳು.
ಜೊತೆ ಕಾಲುಂಗುರ. ಬೆಳ್ಳಿ. ಮೂರು ಸುತ್ತು.
ಒಳಗಡೆ ಸವೆದು ನುಣ್ಣಗೆ.
"ಒಂದಾದ್ರೆ ಬಿತ್ತು ಅನ್ನಬೋದಿತ್ತು ಸಾರ್,
ಎರಡೂ ಬೀಳ್ತವಾ?
ಮೂಲೇಲಿ ಪಕ್ಕಪಕ್ಕ ಇದ್ವು,
ಹೊಸಲಲ್ಲಿ ಚಪ್ಪಲಿ ಬಿಟ್ಟಂಗೆ."

ಯಾವ ಪುಸ್ತಕ?
ಲಿಫ್ಟು ಅಂಗಡಿಗೂ ಹೋಗುತ್ತದೆ, ಹೋಟೆಲಿಗೂ ಹೋಗುತ್ತದೆ.
ಹತ್ತುವಾಗ ಬಿಚ್ಚಿದಳೋ, ಇಳಿಯುವಾಗಲೋ.
ಕೇಳಿದರೆ ಡಿಕ್ರೂಜ್ ಸಾಹೇಬರು ಕನ್ನಡಕ ಒರೆಸಿಕೊಂಡರು.
ಕೊನೆಗೆ ನೀಲಿಯ ಹಾಳೆಯ ಅಂಚಲ್ಲಿ, ಗೀಟಿನಾಚೆ,
ಪೆನ್ಸಿಲಲ್ಲಿ ಬರೆದಿಟ್ಟೆ.

ಮುಂದಿನ ವಾರ ಬಂದಳು ಒಬ್ಬಳು.
ಕೈಯಲ್ಲಿ ಅಂಗಡಿಯ ಚೀಲವಿಲ್ಲ, ಕೋಣೆಯ ಕಾರ್ಡಿಲ್ಲ,
ಶಾಂತಿನಗರದ ಬಸ್ ಟಿಕೆಟ್ಟು
ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ.
"ಏನು ಕಳ್ಕೊಂಡ್ರಿ ಅಮ್ಮ?"
"ಕಳ್ಕೊಂಡಿಲ್ಲ. ಏನಾದ್ರೂ ಸಿಕ್ತಾ ಅಂತ."

ಡಬ್ಬಿ ತೆಗೆದೆ. ಮುಟ್ಟಲಿಲ್ಲ.
ಬಗ್ಗಿ, ಹಾಳುಬಾವಿ ನೋಡುವ ಹಾಗೆ ನೋಡಿ,
"ನಂದಲ್ಲ" ಅಂದಳು.

ನಾನು ಕೆಳಗೆ ನೋಡಬಾರದಿತ್ತು.
ಹನ್ನೊಂದು ವರ್ಷದ ಚಾಳಿ, ನೋಡಿದೆ.
ಚಪ್ಪಲಿಯ ಪಟ್ಟಿಯಿಂದಾಚೆ ಎರಡನೆಯ ಬೆರಳಿಗೆ
ಬಿಸಿಲು ಕಾಣದ ಬಿಳಿ ಗೆರೆ. ಆ ಕಾಲಲ್ಲೂ, ಈ ಕಾಲಲ್ಲೂ.
ಬೆರಳು ಮಡಚಿಕೊಂಡಳು.

ಏನು ಹೇಳುವುದು?
"ಬಲಗಡೆ ಲಿಫ್ಟು ಸೀದಾ ರಸ್ತೆಗೆ ಹೋಗುತ್ತೆ," ಅಂದೆ.
"ಮೇಲೆ ಜೋರು ಮಳೆಯಂತೆ.
ನೋಡಿ, ಇದರಲ್ಲಿ ನಿಮ್ಮ ಕೊಡೆ ಯಾವುದು?"

ಮೂರರಲ್ಲಿ ಒಂದು, ಕಡ್ಡಿ ಮುರಿದದ್ದು, ಆರಿಸಿಕೊಂಡಳು.
ನೀಲಿ ಪುಸ್ತಕದಲ್ಲಿ
ನನ್ನದೇ ಎಂದು ಬರೆದು ಸಹಿ ಮಾಡಿದಳು,
ಪೆನ್ನು ಒತ್ತಿ, ಎರಡು ಹಾಳೆ ಕೆಳಗೂ ಮೂಡುವಷ್ಟು.