ಮೂರು ಸಲ ಕೂಗಿದರೆ

ತದಡಿ ಧಕ್ಕೆಯಲ್ಲಿ ನಾನು
ಬೋಟುಗಳ ವಾಯರ್‌ಲೆಸ್ ರಿಪೇರಿಯವಳು.
ಉಪ್ಪುಗಾಳಿ ತಿಂದ ಕನೆಕ್ಟರು, ಹಸಿರುಗಟ್ಟಿದ ತಾಮ್ರ,
ಇಷ್ಟೇ ನನ್ನ ವಿದ್ಯೆ.
ಆದರೂ ನಿತೇಶ ಹರಿಕಂತ್ರ ರಾಕೆಟ್ಟು ಹೊತ್ತು ಬಂದ.
ಅವನ ಎದೆಮಟ್ಟ, ರಟ್ಟಿನ ಮೈ, ಕೆಂಪು ಮೂತಿ.
“ಪ್ರೇಮಕ್ಕ, ಮೇಲೆ ಹೋಗೂದು ತನ್ನಷ್ಟಕ್ಕೇ ಹೋಗ್ತದೆ.
ಇಳಸೂದು ಹೇಳಿಕೊಡು.”

ಹೇಳುತ್ತೇನೆ. ಮೊದಲು ಕೈ ಒರೆಸಿಕೋ.

ಈ ಹಲಗೆ ನೋಡು, ಬೆಂಕಿಪೊಟ್ಟಣದಷ್ಟು.
ಕಣ್ಣಿಲ್ಲ ಇದಕ್ಕೆ. ಗಾಳಿಯ ಭಾರದಿಂದಲೇ ಎತ್ತರ ಗೊತ್ತು,
ಬಳಚು ಭರತ ಇಳಿತವನ್ನು ಮೈಯಲ್ಲೇ ಅರಿತ ಹಾಗೆ.
ಏರಿದಂತೆ ಗಾಳಿ ತೆಳುವಾಗುತ್ತದೆ, ತೆಳುವಾಗುತ್ತದೆ,
ಒಂದು ಗಳಿಗೆ ತೆಳುವಾಗುವುದು ನಿಲ್ಲುತ್ತದೆ:
ಅದೇ ನೆತ್ತಿ.
ಆಗ ತಂತಿಗೆ ಕರೆಂಟು, ತಂತಿಯ ತುದಿಗೆ ಕಿಡಿ,
ಕಿಡಿಗೆ ಮದ್ದು,
ಮದ್ದಿಗೆ ಮೂತಿ ಕಳಚಿ ಪ್ಯಾರಾಶೂಟು ಹೊರಗೆ.

ಗಾಳಿ ಒಳಬರಲು ಮೈಗೆ ತೂತು ಕೊರೆ.
ಮೂರು ತೂತು, ಸಮ ದೂರ, ಅಂಚು ಉಜ್ಜಿ ನುಣ್ಣಗೆ.
ಒಂದೇ ಆದರೆ ಕಡಲಗಾಳಿ ಅದರ ಕಿವಿಯಲ್ಲಿ ಸಿಳ್ಳೆ ಹಾಕಿ
ಸುಳ್ಳು ಎತ್ತರ ಹೇಳೀತು.

ಮದ್ದು ಅಂದರೆ ನಮ್ಮಲ್ಲಿ ಗುಣವಾಗುವುದೂ ಹೌದು.
ದುರ್ಗಪ್ಪ ಅಂಬಿಗ ಮೂರೇ ಬೆರಳಲ್ಲಿ ಬಲೆಗೆ ಗಂಟು ಹಾಕುತ್ತಾನೆ.
ಆರಿಹೋಯಿತೆಂದು ಗರ್ನಾಲು ಎತ್ತಿಕೊಂಡವ.
ಅವನ ಎದುರೇ ಕೂತು ತೂಗಿದೆವು, ಅಕ್ಕಸಾಲಿಯ ತಕ್ಕಡಿಯಲ್ಲಿ,
ಫ್ಯಾನು ನಿಲ್ಲಿಸಿ, ಉಸಿರೂ ಸ್ವಲ್ಪ ನಿಲ್ಲಿಸಿ.
ಅವನು ಮಾತಾಡಲಿಲ್ಲ. ಪ್ಯಾರಾಶೂಟಿಗೆ ದಾರ ಕಟ್ಟಿಕೊಟ್ಟ,
ಎಂಟು ದಾರ, ಒಂದೂ ಜಾರದ ಗಂಟು.

ಮೊದಲು ನೆಲದಲ್ಲೇ ಪರೀಕ್ಷೆ, ಮೋಟಾರಿಲ್ಲದೆ,
ಸಾಣಿಕಟ್ಟೆ ಆಗರದ ಒಡ್ಡಿನ ಮೇಲೆ, ಉದ್ದ ತಂತಿ ಎಳೆದು.
ಒಮ್ಮೆ ಠುಸ್ ಅಂತು, ಮೂತಿ ಅಲುಗಲಿಲ್ಲ.
ಇನ್ನೊಮ್ಮೆ ಹಾರಿ ಉಪ್ಪುನೀರಿಗೆ ಬಿತ್ತು,
ಕೊಕ್ಕರೆಯೊಂದು ಬೈಯುತ್ತ ಎದ್ದುಹೋಯಿತು.
ಪ್ಯಾರಾಶೂಟಿನ ಅಂಚು ಕಂದಿತ್ತು.
ಸಾಂತಾನ್ ಟೇಲರು ಸುಡದ ಬಟ್ಟೆಯ ಚೀಲ ಹೊಲಿದರು.

ಭಾನುವಾರ, ಕುಮಟೆಯ ಮೇಲಿನ ಚಿರೇಕಲ್ಲಿನ ಬೇಣ.
ಸ್ವಿಚ್ಚು ರಿಕ್ಷಾದಲ್ಲಿ ಅಲ್ಲ, ತೊಡೆಯ ಮೇಲಿಟ್ಟೂ ಅಲ್ಲ,
ಸರಳಿಗೇರಿ ಅದು ಆಕಾಶ ನೋಡಿ ನಿಂತ ಮೇಲೆ.
ಮೂರು ಸಲ ಕೂಗಿದರೆ ತಂತಿಗಳೆಲ್ಲ ಸರಿ.
ಒಂದೇ ಕೂಗಿದರೆ ಸ್ವಿಚ್ಚು ಆರಿಸಿ ಮನೆಗೆ.
ಸುಮ್ಮನಿದ್ದರೂ ಮನೆಗೆ. ಮೋಟಾರಿಗೆ ಕಿಡಿತಂತಿ
ಎಲ್ಲಕ್ಕಿಂತ ಕೊನೆಗೆ.

ಮೂರು ಸಲ ಕೂಗಿತು.
ಹೋಯಿತು. ಹೊಗೆಯ ಗೆರೆ, ಆಮೇಲೆ ಬರೀ ನೀಲಿ.
ನೆತ್ತಿಯಲ್ಲಿ ಬೆಳ್ಳಗಿನ ಪುಗ್ಗೆ ಕಾಣಬೇಕು,
ಕಾಣಲಿಲ್ಲ.
ಮಿಂಚುಳ್ಳಿ ನೀರಿಗೆ ಬೀಳುವ ಹಾಗೆ ಮೂತಿ ಮೊದಲಾಗಿ ಬಂತು,
ಕವಳಿ ಮಟ್ಟಿಯೊಳಗೆ ನೆಟ್ಟಿತು.

ಮಕ್ಕಳು ಓಡಿದರು. ನನ್ನ ಕೂಗು ಗಾಳಿಗೆ ಸಿಕ್ಕಿತು.
ಅಡ್ಡ ಬಂದವನು ದುರ್ಗಪ್ಪ, ಕೈ ಎತ್ತಿದ, ಅಷ್ಟೇ.
ಆ ಕೈ ಕಂಡು ಎಲ್ಲರೂ ನಿಂತರು.

ಮಟ್ಟಿಯೊಳಗಿಂದ ಇನ್ನೂ ಕೂಗುತ್ತಿತ್ತು, ಬಿಟ್ಟು ಬಿಟ್ಟು.
ಸಿಡಿಯದ ಮದ್ದು ಸತ್ತಿಲ್ಲ ಎಂದು ಅರ್ಥ.
ಸುಮಾರು ಹೊತ್ತು ಕಾದೆ.
ಮೂತಿಗೂ ಬಾಲಕ್ಕೂ ಎದುರಾಗದೆ ಪಕ್ಕದಿಂದ ಒಬ್ಬಳೇ ಹೋಗಿ
ಉದ್ದ ಸ್ಕ್ರೂಡ್ರೈವರಿನಿಂದ ಸ್ವಿಚ್ಚು ತಿರುಗಿಸಿದೆ.
ಆ ನಿಶ್ಶಬ್ದದಲ್ಲಿ ನನ್ನ ಮೊಣಕಾಲು ನಡುಗಿದ್ದು ಯಾರಿಗೂ ಕಾಣಲಿಲ್ಲ.

ಸಂಜೆ ಅಂಗಡಿಯಲ್ಲಿ ಬಿಚ್ಚಿ ಓದಿದೆ ಹಲಗೆಯ ನೆನಪು.
ಇನ್ನೂರ ಹನ್ನೊಂದು ಮೀಟರು. ನೆತ್ತಿ ಬಂತೆಂದು
ಸರಿಯಾದ ಗಳಿಗೆಗೇ ಅದು ಹೇಳಿತ್ತು.
ಕೇಳಿಸಿಕೊಳ್ಳಬೇಕಾದ ತಂತಿ ನೆಲದಲ್ಲಿ ಹಿಡಿದುಕೊಂಡಿದ್ದು
ಏರುವ ಎಳೆತಕ್ಕೆ ಕಿತ್ತಿತ್ತು.
ನನ್ನ ಬೆಸುಗೆ. ಒಳಗೆ ಹಸಿರು.

ನಿತೇಶ ಕೇಳಿದ, “ಎಂತಾಗಿತ್ತು, ಪ್ರೇಮಕ್ಕ?”
ತೋರಿಸಿದೆ.
ಬೆಸುಗೆ ಕಡ್ಡಿ ಕಾಯಲಿಟ್ಟು
ಮೊದಲು ಕೈ ಒರೆಸಿಕೊಂಡೆ.