ನಲವತ್ತು ಹೆಜ್ಜಿ ಹಿಂದಕ್ಕ

ಸೋಮವಾರ ನನ್ನ ಸ್ಟುಡಿಯೋಕ್ಕ ರಜಾ.
ವಾರಪೂರ್ತಿ ಮದಿಮಕ್ಕಳಿಗೆ, ಅಳೋ ಕೂಸಿಗೆ,
ಪಾಸ್‌ಪೋರ್ಟ್ ಸೈಜಿನ ಗಂಟುಮಾರಿಗೆ
ಅಲ್ಲಾಡಬ್ಯಾಡ್ರಿ, ಗದ್ದ ಎತ್ರಿ, ಉಸಿರು ಹಿಡೀರಿ
ಅಂದಂದು ದಣದ ನಾಲಿಗಿ
ಸೋಮವಾರ ನಸುಕಿನಾಗ ಹೆಗ್ಗೇರಿ ದಂಡಿಗೆ
ಸುಮ್ಮನ ಕೂಡತೈತಿ.

ಆಪಿನ ನಡುವ ಒಂದು ಕೆನ್ನೀಲಿ ಬಕ.
ಯಾರೂ ಹೇಳದನ ಅಲ್ಲಾಡದ ನಿಂತೈತಿ.
ಕುತ್ತಿಗಿ ಒಂದು ಆಪು, ಕಾಲು ಎರಡು ಆಪು,
ಹಳದಿ ಕಣ್ಣಿಗೆ ಮಾತ್ರ ಸುಳ್ಳು ಹೇಳಾಕ ಬರಂಗಿಲ್ಲ.
ಹೊಟ್ಟಿ ಮ್ಯಾಲೆ ತೆವಳಿ, ಮೊಣಕೈಗೆ ನೆಗ್ಗಿಲಮುಳ್ಳು ನಟ್ಟು,
ಹೆಂಡತಿಗೆ ಅರ್ಧ ರೇಟು ಹೇಳಿ ತಂದ ಲೆನ್ಸಿನ
ಕುತ್ತಿಗಿ ತಿರುವಿ, ಇನ್ನೇನು ಬೆರಳು ಒತ್ತಬೇಕು—

"ಏನ್ರೀ, ಕೆರಿ ಸರ್ವೇನು?"
ಮಾಳಗಿ ಸಾಹೇಬ್ರು. ರಿಟೈರ್ಡ್ ಪಿಎಸ್‌ಐ. ಬಿಳೀ ಬೂಟು.
ಕಿಸೆದಾಗ ಮೊಬೈಲು ಭಜನಿ ಹಾಡಕತ್ತೈತಿ.
"ಅಲ್ರಿ. ಹಕ್ಕಿ."
"ಹಕ್ಕಿನ? ಯಾಕ?"
ಈ ಯಾಕಕ್ಕ ಉತ್ತರ ನನ್ನ ಹಂತೇಕ ಇಲ್ಲ,
ಇದ್ದಿದ್ರ ಮನ್ಯಾಗ ಮೊದ್ಲ ಹೇಳತಿದ್ದೆ.
ಬಕ ಎರಡು ಹೆಜ್ಜಿ ಒಳಗ ಸರೀತು.
ಗುಳುಮುಳುಕ ಮುಳುಗಿದ್ದು
ಭಜನಿ ಮುಗಿಯೂತನಕ ಏಳಲಿಲ್ಲ.

ಆಮ್ಯಾಲೆ ನಾಯಿ.
ಅದಕ್ಕ ಒಬ್ಬೊಬ್ರು ಒಂದೊಂದು ಹೆಸರಿಟ್ಟಾರ:
ಮೀನಿನವರಿಗೆ ಕೆಂಚ, ಚಾದಂಗಡಿಗೆ ಬನ್ನು,
ನಾ ಇಟ್ಟದ್ದು ಇಲ್ಲಿ ಬರಿಯೂ ಹಂಗಿಲ್ಲ.
ಅದಕ್ಕ ನನ್ನ ಮ್ಯಾಲೆ ಸಿಟ್ಟಿಲ್ಲ, ಅದರ ತ್ರಾಸೆಲ್ಲ ಪ್ರೀತಿದು.
ನೆಲಕ್ಕ ಮಲಗಿದ ಮನಷ್ಯಾನ್ನ ಕಂಡ್ರ ತಡಿಯಾಕಾಗಂಗಿಲ್ಲ,
ಕಿವಿ ನೆಕ್ಕತೈತಿ, ಲೆನ್ಸಿನ ಗಾಜು ಮೂಸತೈತಿ.
ಹೋಗಲಿ ಅಂತ ಬಿಸ್ಕೀಟು ಒಗದೆ,
ನೀರಿನ ಕಡೆನ ಒಗದೆ, ಶ್ಯಾಣ್ಯಾ ನಾನು,
ಧಪ್ ಅಂತ ಹಾರಿತು ನಾಯಿ;
ಐವತ್ತರವತ್ತು ನಾಮಕೋಳಿ ನೀರು ಬಡಕೋತ ಓಡಿದುವು.
ಬಕ ಎದ್ದಿತು,
ಬಡಿಸೂದ್ರಾಗ ಹೆಚ್ಚುಕಡಿಮಿ ಆಗಿ
ದೊಡ್ಡವರು ಪಂಕ್ತಿ ಬಿಟ್ಟು ಏಳೂ ಹಂಗ,
ಅವಸರ ಇಲ್ಲದ, ಹಿಂದಕ್ಕ ನೋಡದ,
ಆಚೀ ದಂಡಿಗೆ.
ನನಗ ಸಿಕ್ಕದ್ದು ಹದಿನಾಲ್ಕು ಫ್ರೇಮು, ಬರೇ ಆಪು.

ನಾಯಿಗೆ ಒಗಿಯಾಕ ಕಲ್ಲು ಹುಡುಕಾಕತ್ತಿದ್ದೆ.
"ಫೋಟೋದಾವನ ಏನಪಾ ನೀ?"
ಫಕ್ಕೀರವ್ವ. ಯುಗಾದಿ ಹತ್ರ ಬಂತಲ್ಲ,
ಹಾವೇರಿ ಮಂದಿ ಮನಿ ಕೌದಿ ಒಗಿಯಾಕಿ, ಸೊಂಟದ ಮಟ ತೊಯ್ದಾಕಿ.
ಪಿಂಚಣಿ ಅರ್ಜಿಗೆ ಫೋಟೋ ಬೇಕಂತ.
ಹೆಬ್ಬಟ್ಟು ಮಷೀನಿಗೆ ಹತ್ತವಲ್ದಂತ,
ಸೋಡಾಪುಡಿ ತಿಂದ ಬೆರಳು.
"ಮಾರಿಯರ ಹತ್ತತೈತೇನು ನೋಡು."

ಪಂಪ್‌ಹೌಸಿನ ಸುಣ್ಣದ ಗ್ವಾಡಿಗೆ ನಿಲ್ಲಿಸಿದೆ.
ನನ್ನ ಲೆನ್ಸು ದೂರದ ಜೀವಕ್ಕ ಮಾಡಿದ್ದು,
ಹತ್ರ ಇದ್ದವರು ಅದಕ್ಕ ಕಾಣಂಗಿಲ್ಲ.
ಹಿಂದಕ್ಕ ಸರದೆ. ಹತ್ತು ಹೆಜ್ಜಿ: ಬರೇ ಮೂಗುತಿ.
ಇಪ್ಪತ್ತು: ಒಂದು ಗಲ್ಲ, ಗದ್ದದ ಹಚ್ಚಿಬೊಟ್ಟು.
"ಎಲ್ಲಿಗೆ ಹೊಂಟಿಯೋ ತಮ್ಮಾ?" ನಕ್ಕಳು; ನಕ್ಕದ್ದು ಫ್ರೇಮಿನಾಗ ಹಿಡಿಸಲಿಲ್ಲ.
ಮೂವತ್ತು. ನಲವತ್ತು—

ಕಾಲ ಬುಡದಿಂದ ಟಿಟ್ಟಿಭ ಚೀರಿತು.
ತಲಿ ಮ್ಯಾಲೆ ಸುತ್ತಿ ಸುತ್ತಿ, ಕೆರಿಗೆಲ್ಲ ಡಂಗುರ ಸಾರಿತು:
ಸಾಹೇಬ್ರು ಬಂದಾಗ, ನಾಯಿ ಹಾರಿದಾಗ
ಇಷ್ಟು ಒದರಿರಲಿಲ್ಲ ಅದು.
ಹಿಮ್ಮಡಕ್ಕ ಒಂದು ಗೇಣು ದೂರ
ಕಲ್ಲಿನಾಗ ಕಲ್ಲಾಗಿ ನಾಕು ತತ್ತಿ.
ಆಗ ಕೈಯಾಡಿಸಿ ಕಲ್ಲು ಹುಡುಕಿದ್ದು
ಅಂದಾಜು ಇಲ್ಲೇ.

ಗ್ವಾಡಿ ಕಡಿಂದ ಫಕ್ಕೀರವ್ವ ಕೂಗಿದಳು:
"ಅಲ್ಲಿ ತತ್ತಿ ಅದಾವು, ಹುಷಾರು!
ಎಂಟು ದಿನಾತು, ಕೌದಿ ಹೊತ್ಕೊಂಡು ನಾನೂ
ಸುತ್ತುಹಾಕೇ ಬರತೀನಿ."

ಒಂದು ಕಾಲು ಎತ್ತಿದ್ದು ಎತ್ತಿದಂಗ ನಿಂತು ಒತ್ತಿದೆ ಬೆರಳು.
ಆಕಿ ಮಾರಿ ಪೂರಾ ಬಂತು. ಮೊಣಕಾಲಿಗೆ ಒರಗಿದ ನಾಯಿನೂ ಬಂತು.
ಅರ್ಜಿಗೆ ನಾಯಿ ನಡಿಯಂಗಿಲ್ಲ.
ಎಂಟು ಕಾಪಿ, ನಾಳೆ ಸಂಜೀಕ ಅಂದೆ.

ಸಾಹೇಬ್ರು ಎರಡನೇ ಸುತ್ತಿಗೆ ಬಂದ್ರು.
"ಈ ಕಡಿಂದ ಸುತ್ತುಹಾಕಿ ಬರ್ರಿ ಸಾಹೇಬ್ರ."
"ಯಾಕ?" ಅಂದ್ರು. ಆದ್ರೂ ಸುತ್ತುಹಾಕಿದ್ರು.
ಭಜನಿ ಮಾತ್ರ ನೆಟ್ಟಗ ಹೋತು.