ಪೆನ್ಷನ್ ಮೊಹಲ್ಲಾದ ಬಾಡಿಗೆದಾರ

ಖಾಯಂ ವಿಳಾಸ ಎಂಬ ಖಾನೆಯಲ್ಲಿ
ಆತ ದುಂಡಗೆ ಬರೆದದ್ದು: ಕೇರಾಫ್ ೫೬ ಎ.ಪಿ.ಒ.
ಗುಮಾಸ್ತ ಫಯಾಜುದ್ದೀನ್ ಕನ್ನಡಕ ಹಣೆಗೇರಿಸಿ
"ಇದು ಮನೆಯಲ್ಲ ಯಜಮಾನರೇ, ಟಪಾಲು ಚೀಲ" ಎಂದ.
"ಅಲ್ಲಿಗೆ ಹಾಕಿದ ಕಾಗದ ಒಂದೂ ತಪ್ಪಿಲ್ಲ ಸಾರ್,
ಲಡಾಖಿಗೂ ಬಂತು, ತವಾಂಗಿಗೂ ಬಂತು,
ಅವ್ವ ಸತ್ತದ್ದೂ ಅಲ್ಲಿಗೇ ಬಂತು,
ಹನ್ನೆರಡು ದಿನ ತಡವಾಗಿ."

ನಾನು ರಕ್ತದೊತ್ತಡ ನೋಡುವವಳು.
ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವಾಗ
ಹೆಸರು ಕೇಳಿದರೆ ಮೊದಲು ನಂಬರು ಹೇಳಿದ,
ಆಮೇಲೆ ಲ್ಯಾನ್ಸ್ ನಾಯಕ್, ಆಮೇಲೆ ಚೆಲುವಯ್ಯ.
ಎಡಗಾಲಲ್ಲಿ ಮೂರೇ ಬೆರಳು.
ಇನ್ನೆರಡು ಎಲ್ಲಿ ಎಂದೆ.
"ಹಿಮದಲ್ಲಿ ಡ್ಯೂಟಿ ಮೇಲಿವೆ."

ಸೇವೆ ಹದಿನಾಲ್ಕು ವರ್ಷ ಎರಡು ತಿಂಗಳು.
ರಾಮನಾಗಿದ್ದರೆ ಪಟ್ಟ ಸಿಗುತ್ತಿತ್ತು;
ಪೆನ್ಷನ್ನಿಗೆ ಹತ್ತು ತಿಂಗಳು ಸಾಲಲಿಲ್ಲ.
ಹೆಂಡತಿ? ಕೈ ಬೀಸಿ ಕಿಟಕಿ ತೋರಿಸಿದ.
ಕುಡಿತ? ಅದಕ್ಕೂ ಅದೇ ಕಿಟಕಿ.
ಹಾಸನದ ಚಳಿಯಲ್ಲಿ, ಎ.ಪಿ.ಎಂ.ಸಿ. ಅಂಗಳದಲ್ಲಿ
ಆರು ವರ್ಷ ಆಲೂಗಡ್ಡೆ ಮೂಟೆಗಳ ಸಂದಿಯಲ್ಲಿ ಮಲಗಿದ್ದ.
"ಮೂಟೆ ಬೆಚ್ಚಗಿರುತ್ತೆ ಸಿಸ್ಟರ್,
ಕೊಳೆಯೋಕೆ ಶುರುವಾದರೆ ಇನ್ನೂ ಬೆಚ್ಚಗೆ."

ಸಕ್ಕರೆ ನಾನೂರ ಹತ್ತು.
ಡಾಕ್ಟರು ಇನ್ಸುಲಿನ್ ಬರೆದರು. ಬರೆಯುವುದು ಸುಲಭ.
ಸೀಸೆಗೆ ತಂಪು ಜಾಗ ಬೇಕು,
ಸೂಜಿಗೆ ಚೊಕ್ಕ ಜಾಗ ಬೇಕು,
ಚುಚ್ಚಿದ ಅರ್ಧ ಗಂಟೆಗೆ ಒಂದು ತಟ್ಟೆ ಊಟ ಬೇಕು,
ಸಿಗದಿದ್ದರೆ ಔಷಧವೇ ಕೊಲ್ಲುತ್ತದೆ.
ಚೀಟಿಯ ಮೇಲೆ ನಾಲ್ಕು ಗೋಡೆ ಬರೆಯಲು
ನಮ್ಮ ಆಸ್ಪತ್ರೆಯಲ್ಲಿ ಯಾರಿಗೂ ಅಧಿಕಾರವಿಲ್ಲ.

ಬರೆದದ್ದು ಮಾಜಿ ಸೈನಿಕರ ಸಂಘದ ಎಂಟು ಜನ.
ಕ್ಯಾಂಟೀನ್ ಕೋಟಾದ ರಮ್ಮಿನಲ್ಲಿ
ತಲೆಗೊಂದು ಬಾಟಲಿ ಬಿಟ್ಟರೆ ಬಾಡಿಗೆ ಹೊರಟೀತು ಎಂದು
ಸುಬೇದಾರ್ ಪೂವಣ್ಣ ಲೆಕ್ಕ ಹಾಕಿದರು.
ಇಬ್ಬರು ಮುಖ ಹುಳ್ಳಗೆ ಮಾಡಿಕೊಂಡೇ ಒಪ್ಪಿದರು.
ಪೆನ್ಷನ್ ಮೊಹಲ್ಲಾದಲ್ಲಿ ಧರಣೇಂದ್ರಯ್ಯನವರ ಹಿತ್ತಲ ಕೋಣೆ,
ಹತ್ತಡಿ ಎಂಟಡಿ, ಒಂದು ನಲ್ಲಿ, ಒಂದು ಬೀಗ.
ಪೆನ್ಷನ್ ಇಲ್ಲದವನಿಗೆ
ಆ ಹೆಸರಿನ ಬೀದಿಯಾದರೂ ಸಿಕ್ಕಿತು.

ಮೊದಲ ವಾರ ಮಂಚದ ಮೇಲೆ ಅವನ ಚೀಲ ಮಲಗಿತ್ತು.
ಅವನು ಹೊಸ್ತಿಲ ಆಚೆ, ಬಾಗಿಲಿಗೆ ಬೆನ್ನು ಕೊಟ್ಟು,
ಒಳಗಿರುವ ಯಾರನ್ನೋ ಕಾಯುವವನಂತೆ.
ಹೊತ್ತು ಮುಳುಗುವ ಮುಂಚೆ ಉಂಡು ಕೈ ತೊಳೆಯುವ ಧರಣೇಂದ್ರಯ್ಯ
ತಾವು ತಿನ್ನದ ಎಂಟು ಗಂಟೆಗೆ
ತಟ್ಟೆ ಕಳಿಸುವುದನ್ನು ಕಲಿತರು, ಮಾತಿಲ್ಲದೆ.

ಫ್ರಿಜ್ಜು ಇಲ್ಲ. ಮಣ್ಣಿನ ಮಡಕೆ, ಅದರಲ್ಲಿ ಒದ್ದೆ ಮರಳು,
ಮರಳೊಳಗೆ ಕುಡಿಕೆ, ಕುಡಿಕೆಯಲ್ಲಿ ಸೀಸೆ.
"ಅಲ್ಲಿ ಮೇಲೆ ಆಕಾಶವೇ ಫ್ರಿಜ್ಜಾಗಿತ್ತು,
ಇಡೋಕೆ ಏನೂ ಇರಲಿಲ್ಲ" ಎಂದು ನಕ್ಕ. ಮೊದಲ ಸಲ.

ಆಷಾಢದಲ್ಲಿ ನಾಲ್ಕು ದಿನ ಕಾಣೆಯಾದ.
ಸಿಕ್ಕಿದ್ದು ಅದೇ ಅಂಗಳದಲ್ಲಿ, ಅದೇ ಕೊಳೆತ ವಾಸನೆಯಲ್ಲಿ.
"ಕೋಣೇಲಿ ಸದ್ದೇ ಇಲ್ಲ ಸಿಸ್ಟರ್,
ಸದ್ದಿಲ್ಲದ ಜಾಗ ನಂಬಬಾರದು ಅಂತ ಕಲಿಸಿದಾರೆ."
ಪೂವಣ್ಣ ಬೈದರು, ಬೈದು ಆಟೋ ಹತ್ತಿಸಿದರು.
ವಾಪಸು ಬಂದಾಗ ಅದೇ ಬೀಗಕ್ಕೆ ಅದೇ ಕೀಲಿ ತಿರುಗಿತು.
ಮಡಕೆಯ ಮರಳಿಗೆ
ಯಾರೋ ದಿನಾ ನೀರು ಹಾಕಿದ್ದರು.

ನಿನ್ನೆ ಸಂಜೆ ಕಾಲಿನ ಹುಣ್ಣಿಗೆ ಬಟ್ಟೆ ಕಟ್ಟಲು ಹೋದೆ.
ದಿಂಬಿನಡಿಯಿಂದ ಅಂಚೆ ಕಾರ್ಡೊಂದು ತೆಗೆದು ತೋರಿಸಿದ.
ಈ ವಿಳಾಸ ಮುಟ್ಟುತ್ತದೋ ಇಲ್ಲವೋ ಎಂದು
ಮಹಾವೀರ ಸರ್ಕಲ್ಲಿನ ಡಬ್ಬಿಯಲ್ಲಿ
ತನಗೆ ತಾನೇ ಹಾಕಿಕೊಂಡದ್ದು. ಮೂರು ದಿನಕ್ಕೆ ಬಂದಿದೆ.
ಅದೇ ದುಂಡನೆಯ ಅಕ್ಷರ:
"ಇಲ್ಲಿ ಎಲ್ಲ ಕ್ಷೇಮ.
ಅಲ್ಲಿಯ ಕ್ಷೇಮಕ್ಕೆ ಕಾಗದ ಬರೆಯುವುದು."

ಸಕ್ಕರೆ ನೂರ ಎಂಬತ್ತು. ಇನ್ನೂ ಇಳಿಯಬೇಕು.
ಉತ್ತರ ಬರೆಯಬೇಕಲ್ಲ, ಪೆನ್ನು ಕೊಡಿ ಎಂದ.
ಕೊಟ್ಟು ಬಂದೆ.